ಮೊದಲು ಹೊಯ್ದ ತುಂಡು

ಹೇಳಿಕೆ ಕೊಡುತ್ತಿರುವ ನಾನು, ವಯಸ್ಸು ಮೂವತ್ತಾರು, ಕಬ್ಬಿಣ ಎರಕದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಪರೀಕ್ಷಕಿ, ವಾಸ ಕಾರ್ಖಾನೆಯ ಹಿಂದಿನ ಸಾಲುಮನೆಯಲ್ಲಿ ಅಣ್ಣ ಅತ್ತಿಗೆಯರ ಜೊತೆ, ಈ ಮೂಲಕ ತಿಳಿಸುವುದೇನೆಂದರೆ:

ನಮ್ಮಲ್ಲಿ ಬಸ್ಸಿನ ಬ್ರೇಕಿಗೆ ಡಕ್ಟೈಲ್ ಕಬ್ಬಿಣದ ಬಿಡಿಭಾಗ ಎರಕ ಹೊಯ್ಯುತ್ತಾರೆ. ಈ ಕಬ್ಬಿಣ ಬಾಗಬೇಕು, ಸಿಡಿಯಬಾರದು. ಅದಕ್ಕಾಗಿ ಕರಗಿದ ಕಬ್ಬಿಣಕ್ಕೆ ಮೆಗ್ನೀಸಿಯಂ ಹಾಕುತ್ತಾರೆ. ಹೊತ್ತು ಹೋದಂತೆ ಅದರ ಗುಣ ಇಳಿಯುತ್ತದೆ. ಆದ್ದರಿಂದ ಪರೀಕ್ಷೆಯ ತುಂಡನ್ನು, ಕರಗಿದ ಕಬ್ಬಿಣ ತರುವ ಬಕೆಟ್ಟಿನ ಕೊನೆಯ ಕಬ್ಬಿಣದಿಂದಲೇ ಹೊಯ್ಯಬೇಕು; ಅದು ಚೆನ್ನಾಗಿದ್ದರೆ ಮುಂಚೆ ಹೊಯ್ದದ್ದೆಲ್ಲವೂ ಚೆನ್ನಾಗಿದೆ ಎಂದರ್ಥ. ಇದನ್ನು ನನಗೆ ಹೇಳಿಕೊಟ್ಟವನು ಎರಕದ ಮೇಸ್ತ್ರಿಯಾದ ನನ್ನ ಸ್ವಂತ ಅಣ್ಣ.

ಸೂಕ್ಷ್ಮದರ್ಶಕದಲ್ಲಿ ಒಳ್ಳೆಯ ಕಬ್ಬಿಣದ ಕಪ್ಪು ಚುಕ್ಕಿಗಳು ಸಾಸಿವೆಯಂತೆ ದುಂಡಗಿರುತ್ತವೆ, ಕೆಟ್ಟದ್ದರಲ್ಲಿ ಹುಳುವಿನಂತೆ ಉದ್ದವಿರುತ್ತವೆ. ಮೂರು ತಿಂಗಳಿಂದ ನನಗೆ ಸಾಸಿವೆ ಕಂಡರೆ, ಆಗೊಮ್ಮೆ ಈಗೊಮ್ಮೆ ಒಂದು ಬಿಡಿಭಾಗವನ್ನೇ ಕೊಯ್ದು ನೋಡುವ ಬಸ್ ಕಂಪನಿಯ ಪ್ರಯೋಗಾಲಯಕ್ಕೆ ಹುಳು ಕಾಣುತ್ತಿತ್ತು. ನನ್ನ ಸೂಕ್ಷ್ಮದರ್ಶಕವನ್ನು ರಿಪೇರಿ ಮಾಡಿಸಿದರೂ ಈ ವ್ಯತ್ಯಾಸ ಹೋಗಲಿಲ್ಲ. ಆಮೇಲೆ ಎಲ್ಲರೂ ನನ್ನನ್ನೇ ನೋಡತೊಡಗಿದರು. ಅಣ್ಣನೂ, ಪುಟ್ಟಿ, ನಿನ್ ಕಣ್ಣು ಮಂಜಾಗಿರ್ಬೇಕು, ತೋರಿಸ್ಕೋ ಎಂದನು. ವೈದ್ಯರು ನಂಬರು ಹೆಚ್ಚೇನಿಲ್ಲ ಎಂದರೂ ಹಟ ಹಿಡಿದು ಈ ಕನ್ನಡಕ ಕೊಡಿಸಿದನು. ಅಣ್ಣನಿಗೆ ನನ್ನ ಮೇಲೆ ಎಷ್ಟು ಅಕ್ಕರೆ ಎಂದು ಅತ್ತಿಗೆಯ ಮುಂದೆ ಅತ್ತಿದ್ದೇನೆ. ನಾನೆಂಥ ಪೆದ್ದಿ.

ಸೋಮವಾರ ನಮ್ಮ ಒಂದು ಬಿಡಿಭಾಗ ಮುರಿದು ಬಸ್ಸು ಗೋಡೆಗೆ ಗುದ್ದಿತು. ಚಾಲಕನ ಕಾಲು ಹೋಯಿತು. ಅದನ್ನು ಪಾಸು ಮಾಡಿದ ಸಹಿ ನನ್ನದು.

ನಿನ್ನೆ ಬೆಳಿಗ್ಗೆ ೧೦.೪೦ಕ್ಕೆ, ಅಣ್ಣ ಮರೆತುಬಂದ ಊಟದ ಡಬ್ಬಿ ಕೊಡಲು ಎರಕದ ಶೆಡ್ಡಿಗೆ ಹೋದೆನು. ನಾನು ಅತ್ತ ಹೋಗುವ ವಾಡಿಕೆಯಿಲ್ಲ. ಸುಮಾರು ಹದಿನೈದು ಅಡಿ ದೂರದಿಂದ ಕಂಡದ್ದೇನೆಂದರೆ, ಬಕೆಟ್ ಬಂದ ಕೂಡಲೇ ಅಣ್ಣ ಮೊದಲು ಪರೀಕ್ಷೆಯ ತುಂಡನ್ನು ಹೊಯ್ಯಿಸಿದನು. ಬಿಡಿಭಾಗಗಳ ಅಚ್ಚಿಗೆ ಹೊಯ್ದದ್ದು ಆಮೇಲೆ. ಕೇಳಿದ್ದಕ್ಕೆ, ಕೊನೇದು ಕೊಟ್ರೆ ದಿನಾ ಫೇಲಾಗುತ್ತೆ, ಮಾಲೀಕ್ರು ನನ್ ತಲೆ ತಿಂತಾರೆ, ನೀನ್ ತೆಪ್ಪಗೆ ಸಹಿ ಹಾಕು ಎಂದನು. ಹಾಗಾದರೆ ನನ್ನ ಕಣ್ಣಿಗೆ ಏನಾಗಿತ್ತು ಎಂದು ಕೇಳಿದೆನು. ಅವನು ಡಬ್ಬಿ ತೆಗೆದುಕೊಂಡು ಅತ್ತ ತಿರುಗಿದನು.

ಒಡಹುಟ್ಟಿದವನೇ ಬೆನ್ನಿಗೆ ಚೂರಿ ಹಾಕಿದ್ದಾನೆ.

ಇಂದು ನನ್ನನ್ನು ಠಾಣೆಗೆ ಕರೆತಂದವನೂ ಅವನೇ. ಕಣ್ಣು ಸರಿಯಾಗಿ ಕಾಣ್ತಿರ್ಲಿಲ್ಲ ಅಂತ ಹೇಳ್ಬಿಡು, ಮಿಕ್ಕಿದ್ದು ನಾನ್ ನೋಡ್ಕೋತೀನಿ ಎಂದು ದಾರಿಯಲ್ಲಿ ಹೇಳಿಕೊಟ್ಟಿದ್ದಾನೆ. ಈಗ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾನೆ.

ಮೇಲೆ ಬರೆದುಕೊಂಡಿದ್ದನ್ನು ಕನ್ನಡಕ ತೆಗೆದಿಟ್ಟು ನಾನೇ ಪೂರ್ತಿ ಓದಿದ್ದೇನೆ. ಪ್ರತಿ ಅಕ್ಷರವೂ ಸ್ಪಷ್ಟವಾಗಿ ಕಂಡಿದೆ, ಪ್ರತಿ ಮಾತೂ ನಿಜವಾಗಿದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ೧೪, ಗುರುವಾರ
(ಸಹಿ) ಪರೀಕ್ಷಕಿ