ಗ್ರೀಸಿನ ಸುವಾಸನೆ

ಇವತ್ತಿನ ಪ್ರವಚನಕ್ಕೆ ಒಂದು ಕಥೆ ಕೇಳಿ. ಒಂದು ಊರಿನ ಶಾಲೆಯಲ್ಲಿ ಒಬ್ಬರು ಶ್ರೀಮಂತ ಮೇಷ್ಟ್ರಿದ್ದರು. ಹಣದ ಶ್ರೀಮಂತಿಕೆಯಲ್ಲ ನೋಡಿ, ಅಂಕದ ಶ್ರೀಮಂತಿಕೆ. ಇಡೀ ತರಗತಿಯ ಅಂಕವೆಲ್ಲ ಅವರ ಕೆಂಪು ಪೆನ್ನಿನೊಳಗಿತ್ತು. ಸುಮ್ಮನೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಒಮ್ಮೆ ಕನ್ನಡ ಪರೀಕ್ಷೆಯಲ್ಲಿ ಕೇಳಿದರು: ‘ಸುವಾಸನೆ’ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ. ಎಲ್ಲರೂ ಮೇಷ್ಟ್ರು ಬರೆಸಿದ್ದನ್ನೇ ಬರೆದರು: ‘ಮಲ್ಲಿಗೆಯು ಸುವಾಸನೆ ಬೀರುತ್ತದೆ.’ ಬಸ್ ಡಿಪೋದ ಮೆಕ್ಯಾನಿಕ್ ಒಬ್ಬನ ಮಗಳು ಮಾತ್ರ ‘ಅಪ್ಪ ಮನೆಗೆ ಬಂದರೆ ಗ್ರೀಸಿನ ಸುವಾಸನೆ ಬರುತ್ತದೆ’ ಎಂದು ಬರೆದಳು. ಮೇಷ್ಟ್ರು ಅಡ್ಡಗೀಟು ಎಳೆದು ಸೊನ್ನೆ ಸುತ್ತಿದರು.

ಉತ್ತರಪತ್ರಿಕೆ ಕೈಗೆ ಬಂದಾಗ ಹುಡುಗಿ ಎದ್ದು ನಿಂತಳು. “ಸಾರ್, ಸ್ವಂತ ವಾಕ್ಯ ಅಂತ ಕೇಳಿದ್ರಲ್ಲ?”

“ಸ್ವಂತ ವಾಕ್ಯ ಅಂದ್ರೆ ನಾನು ಬರೆಸಿದ ಸ್ವಂತ ವಾಕ್ಯ ಕಣಮ್ಮ! ಗ್ರೀಸಿಗೆ ನಾತ ಇರುತ್ತೆ. ಸುವಾಸನೆ ಇರುತ್ತಾ?”

“ನಮ್ಮಪ್ಪನ ಹತ್ರ ಇರುತ್ತೆ ಸಾರ್.”

ತರಗತಿ ಗೊಳ್ಳೆಂದಿತು. “ಗ್ರೀಸಮ್ಮಾ!” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಮೇಷ್ಟ್ರೂ ನಕ್ಕರು. ಗಮನಿಸಿ, ಮೇಷ್ಟ್ರೂ ನಕ್ಕರು.

ಹುಡುಗಿ ಮನೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದಳು. ಕರ್ತೃಪದ ಇದೆ, ಕ್ರಿಯಾಪದ ಇದೆ, ಕಾಗುಣಿತ ಸರಿಯಿದೆ. ಹಾಗಾದರೆ ವಾಕ್ಯದಲ್ಲಿ ತಪ್ಪಿರುವುದು ಯಾವುದು? ಉಳಿದದ್ದು ಒಂದೇ. ಅಪ್ಪ.

ಸಂಜೆ ಅಪ್ಪ ಬಂದು ಎಂದಿನಂತೆ ಎರಡೂ ಕೈ ಚಾಚಿದ. ಅವಳು ಓಡಿ ಬರಲಿಲ್ಲ. ಮೂಗು ಮುಚ್ಚಿಕೊಂಡು, “ಮೊದ್ಲು ಸೋಪು ಹಾಕ್ಕೊಂಡು ತೊಳ್ಕೊಂಡ್ ಬಾಪ್ಪಾ. ನಾತ,” ಎಂದಳು.

ಅವನು ಬಚ್ಚಲಿಗೆ ಹೋಗಿ ಕೈ ಉಜ್ಜಿದ. ಉಜ್ಜಿದ, ಚರ್ಮ ಕೆಂಪಾಗುವವರೆಗೆ ಉಜ್ಜಿದ.

ಮುಂದಿನ ಪರೀಕ್ಷೆಯಲ್ಲಿ ಹುಡುಗಿ ಮಲ್ಲಿಗೆ ಬರೆದಳು. ಪೂರ್ತಿ ಅಂಕ. ಪಕ್ಕದಲ್ಲಿ ಮೇಷ್ಟ್ರ ಷರಾ: ‘ಉತ್ತಮ ಸುಧಾರಣೆ.’

ಏನು ಸುಧಾರಿಸಿತು? ಹೇಳಿ ನನಗೆ, ಏನು ಸುಧಾರಿಸಿತು?

ಮುಂದಿನ ಸಾಲಿನಲ್ಲಿ ಕೂತಿರುವ ಮೇಷ್ಟ್ರುಗಳತ್ತ ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದೀರಿ. ಅವರನ್ನು ಸ್ವಲ್ಪ ಬಿಡಿ. ಮನೆಯಲ್ಲಿ ಮಗು ಆನೆಗೆ ಹಸಿರು ಬಣ್ಣ ಹಚ್ಚಿದರೆ ಕೈಯಿಂದ ಕ್ರೆಯಾನ್ ಕಿತ್ತುಕೊಳ್ಳುವವರು ಯಾರು? ‘ಸ್ವಂತ ಬುದ್ಧಿ ಇಲ್ವಾ?’ ಎಂದು ಬೈಯುವವರೂ ನೀವೇ, ಅದು ಸ್ವಂತ ಬುದ್ಧಿ ತೋರಿಸಿದರೆ ಗೀಟೆಳೆಯುವವರೂ ನೀವೇ. ಕೆಂಪು ಪೆನ್ನು ನಿಮ್ಮ ನಾಲಗೆಯ ಮೇಲೂ ಇದೆ!

ಇವತ್ತು ಪ್ರಸಾದ ತೆಗೆದುಕೊಂಡು ಮನೆಗೆ ಹೋಗುತ್ತೀರಿ. ಮಗು ಏನೋ ಹೇಳುತ್ತದೆ, ನಿಮಗೆ ತಪ್ಪೆನಿಸುತ್ತದೆ. ತಕ್ಷಣ ತಿದ್ದಬೇಡಿ. ‘ನಿನಗೆ ಯಾಕೆ ಹಾಗನ್ನಿಸ್ತು?’ ಎಂದು ಕೇಳಿ. ಅದು ಮುಗಿಸುವವರೆಗೆ ಕೇಳಿ. ಇನ್ನು ಮೇಷ್ಟ್ರುಗಳೇ, ನಾಳೆ ‘ಸ್ವಂತ ವಾಕ್ಯ’ ಎಂದು ಕೇಳುವ ಮುನ್ನ ಅದನ್ನು ಓದುವ ಧೈರ್ಯ ನಿಮಗಿದೆಯೇ ನೋಡಿಕೊಳ್ಳಿ. ಇಲ್ಲವೆಂದರೆ ದಯವಿಟ್ಟು ಕೇಳಲೇಬೇಡಿ. ಒಬ್ಬ ಅಪ್ಪ ಇನ್ನೂ ಬಚ್ಚಲಿನಲ್ಲಿ ಕೈ ಉಜ್ಜುತ್ತಲೇ ಇದ್ದಾನೆ.