ಜೂನ್‌ನಲ್ಲೇ ಇಳಿದ ಹುಳುಗಳು

ಇಡೆಲ್ಲಾ ಅಕ್ಕಾ, ಆ ಸೌಟು ಸ್ವಲ್ಪ ಕೆಳಗಿಡು. ಸುಮ್ಮನೆ ಹೇಳ್ತಿಲ್ಲ, ಕಾರಣ ಇದೆ. ಈ ಸಲ ಪಿಯಾಗಿ ಹುಳುಗಳ ಸಾರು ಬೇಡ... ಯಾಕೆ ನಗ್ತೀಯ? ಹುಳು ಅಂತ ಹೇಸಿಗೆಪಟ್ಟು ಹೇಳ್ತಿಲ್ಲ. ಹಾಲು ಬಿಟ್ಟ ಮೇಲೆ ನಾನು ತಿಂದ ಮೊದಲ ತುತ್ತೇ ಇದು. ನೀನೇ ತಿನ್ನಿಸಿದ್ದು.

ಏನಂದ್ರೆ, ಇವು ಬೇಗ ಇಳಿದಿವೆ. ನಿನಗೆ ಗೊತ್ತಿರೋದೇ, ಆದ್ರೂ ಹೇಳ್ತೀನಿ. ಇವುಗಳ ತಾಯಿ, ಪಾಂಡೋರಾ ಪತಂಗ, ಮೊಟ್ಟೆ ಇಟ್ಟಿದ್ದು ಹೋದ ಬೇಸಿಗೆಯಲ್ಲಿ. ಮರಿಗಳು ಚಳಿಗಾಲವೆಲ್ಲ ಪೈನ್ ಎಲೆಗಳ ಬುಡದಲ್ಲಿ ಗುಂಪಾಗಿ ಕೂತವು. ಆಮೇಲೆ ತಿಂದೂ ತಿಂದೂ ಬೆರಳುದಪ್ಪ ಆದವು. ಜುಲೈ ಹೊತ್ತಿಗೆ ಮಣ್ಣು ಸೇರೋಕೆ ತಾವಾಗೇ ಕಾಂಡ ಹಿಡಿದು ಇಳೀತವೆ. ಅದಕ್ಕೇ ಅಲ್ವಾ ನಮ್ಮ ಪಾಯೂಟ್ ಜನ ಮರದ ಸುತ್ತ ಪಾತಿ ತೋಡೋದು, ಬಿದ್ದವು ಹತ್ತಿ ಬರದ ಹಾಗೆ ಅಂಚು ನೆಟ್ಟಗೆ ಕಡಿದು?

ಇನ್ನೂ ಜೂನ್ ಮುಗಿದಿಲ್ಲ, ಪಾತಿ ತುಂಬಿಬಿಟ್ಟಿತ್ತು. ಕಡ್ಡಿ ತಾಗಿಸಿದ್ರೂ ಒಂದೂ ಮೈ ಹೊರಳಿಸಲಿಲ್ಲ. ಈ ವರ್ಷದವು ಲೀಲ್ಯಾಂಡ್ ಥರ, ಅಂದ್ರೆ ನನ್ನ ಥರ, ಸೋಮಾರಿಗಳು ಅಂತ ನೀನೇ ಆಡಿಕೊಂಡೆ.

ನೀನು ಬಿಸಿ ಮರಳಲ್ಲಿ ಹುರಿದೆ, ತೊಳೆದೆ, ನಾನು ನೋಡ್ದೆ. ಹುರಿದ್ರೆ ಮೈಮೇಲಿನ ಕೂದಲು ಹೋಗುತ್ತೆ. ಇದು ಹೋಗಲ್ಲ... ಇದು ಅಂದ್ರೆ ರೋಗ. ಹುಳುಗಳಿಗೂ ರೋಗ ಬರುತ್ತೆ, ಇಡೀ ಕಾಡಿನವು ಒಟ್ಟಿಗೇ ಸಾಯ್ತವೆ. ಅದೇ ಇರ್ಬೇಕು.

ಹಾಗೆ ನೋಡ್ಬೇಡ. ರೋಗ ಅಂದೆನಲ್ಲ.

ಬೈಯಿ ಬೇಕಾದ್ರೆ.

ಸರಿ... ರಸ್ತೆ ಪಕ್ಕದ ಬಂಗಲೆಯವನು ಕೆಲಸಕ್ಕೆ ಕರೆದಿದ್ದ. ಹುಳುಗಳ ಹಿಕ್ಕೆ ಅವನ ಕಾರಿನ ಮೇಲೆ ಮಳೆ ಹಾಗೆ ಉದುರುತ್ತಂತೆ. ನಾಲ್ಕು ದಿನ ಔಷಧಿ ಹೊಡೆದೆ. ಅವನ ಬೇಲಿಯೊಳಗೆ ಮಾತ್ರ. ನಾವು ಹುಳು ಹಿಡಿಯೋ ಅಜ್ಜಿಯ ಮರಗಳಿಗೆ ಹೊಡೀಲಿಲ್ಲ ಅಕ್ಕಾ, ಅಷ್ಟು ಬುದ್ಧಿ ಇದೆ ನನಗೆ. ಗಾಳಿ ಇತ್ತು. ಸ್ವಲ್ಪ ಗಾಳಿ... ಅಜ್ಜಿಯ ಮರಗಳ ಕಡೆಗೇ ಬೀಸ್ತಿತ್ತು. ಅವತ್ತೇ ಹೇಳ್ಬೇಕಿತ್ತು. ನೀನು ಖುಷಿಯಲ್ಲಿ ಬುಟ್ಟಿ ತುಂಬ್ತಾ ಇದ್ದೆ, ಬಾಯಿ ಬರಲಿಲ್ಲ.

ಹೋಗಲಿ, ಪಾತ್ರೆ ಕೊಡು, ದೂರ ಹೂತು ಬರ್ತೀನಿ. ಪುಣ್ಯಕ್ಕೆ ಇನ್ನೂ ಯಾರೂ ಬಾಯಿಗೆ ಇಟ್ಟಿಲ್ಲ.

ಅಮ್ಮನ ಬಟ್ಟಲು ಯಾಕೆ ತೊಳೆದು ಬೋರಲು ಹಾಕಿದ್ದೀಯ? ಮೊದಲ ಸಾರು ಹಿರಿಯರಿಗೆ ಬಡಿಸೋದು, ಹೌದು, ಆದ್ರೆ ನಾನು ಬರೋವರೆಗೆ ಕಾಯ್ತೀಯ ಅಂದ್ಕೊಂಡೆ...

ಅಕ್ಕಾ, ಒಳಕೋಣೆ ಕಡೆ ಯಾಕೆ ನೋಡ್ತೀಯ?

ಅಮ್ಮ ಯಾವತ್ತೂ ಈ ಹೊತ್ತಲ್ಲಿ ಮಲಗೋದಿಲ್ಲವಲ್ಲ.