ಬಿಳಿ ಗೂಬೆಯ ಹೊಟ್ಟೆ

ರಷ್ಯಾದ ಉತ್ತರ ತುದಿಯ ಮೂರ್ಮನ್ಸ್ಕ್ ಬಂದರಿನಲ್ಲಿ ಅಂದು ಮಧ್ಯಾಹ್ನವೂ ಕತ್ತಲೆಯೇ. ಡಿಸೆಂಬರ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಖ ತೋರಿಸುವುದಿಲ್ಲ. ಸಾಲದ್ದಕ್ಕೆ ಹಿಮಗಾಳಿ ಎದ್ದು ಬಸ್ಸುಗಳೂ ನಿಂತುಹೋಗಿದ್ದವು. ಪಾಳಿ ಮುಗಿಸಿದ ನಾವೊಂದಿಷ್ಟು ಜನ ನಾವಿಕರ ಕ್ಯಾಂಟೀನಿನಲ್ಲೇ ಸಿಕ್ಕಿಕೊಂಡು, ಮೀನು ತುಂಬಿದ ರೊಟ್ಟಿ ತಿನ್ನುತ್ತ, ಚಹಾಕ್ಕೆ ಜಾಮ್ ಕಲಸಿಕೊಳ್ಳುತ್ತ ಕೂತಿದ್ದೆವು. ಕಿಟಕಿ ದಡದಡ ಬಡಿದುಕೊಂಡಾಗ ಕ್ರೇನ್ ನಡೆಸುವ ರೊದಿಯೋನ್, "ಬನ್ನಿ ದೆವ್ವದಪ್ಪನೋರೆ, ಒಳಗೆ ಬನ್ನಿ, ಚಹಾ ಬಿಸಿ ಇದೆ" ಎಂದು ಎಲ್ಲರನ್ನೂ ನಗಿಸಿದ.

ಒಲೆಯ ಪಕ್ಕ ಆಲೂಗಡ್ಡೆ ಸುಲಿಯುತ್ತಿದ್ದ ಕಾಪಾ ಅಜ್ಜಿ ಮಾತ್ರ ನಗಲಿಲ್ಲ. ಮಂಜುಗಡ್ಡೆ ಒಡೆಯುವ ಹಡಗುಗಳಲ್ಲಿ ಅಡುಗೆ ಮಾಡುತ್ತ ಅರ್ಧ ಆಯುಸ್ಸು ಸವೆಸಿದವಳು ಅವಳು.

"ಹಂಗೆಲ್ಲ ಕರೀಬೇಡ ಕಣೋ" ಎಂದಳು. "ಕಬ್ಬಿಣ ಬಡಿಯೋ ಸದ್ದು ನೀನು ಕೇಳಿಲ್ಲ. ಕೇಳಿದ್ದಿದ್ರೆ ನಗ್ತಿರಲಿಲ್ಲ."

ನಾವು ಕುರ್ಚಿಗಳನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡೆವು. ಅಜ್ಜಿ ಚಾಕು ಕೆಳಗಿಟ್ಟು ಹೇಳತೊಡಗಿದಳು.

ಬೆಲಯಾ ಸೊವಾ ಅಂತ ಹಡಗಿನ ಹೆಸರು, ಬಿಳಿ ಗೂಬೆ. ನನ್ನ ಗಂಡ ಯೆಫಿಮ್ ಅದರಲ್ಲಿ ಬೆಸುಗೆ ಹಾಕೋನು, ನಾನು ಅಡುಗೆಯವಳು. ಈ ಹಡಗುಗಳ ಗುಣ ನಿಮಗೆ ಗೊತ್ತೇ ಇದೆ... ಮಂಜುಗಡ್ಡೇನ ಕೊಯ್ಯಲ್ಲ ಅವು, ಮೇಲೆ ಹತ್ತಿ ಕೂತು ತಮ್ಮ ಭಾರಕ್ಕೇ ಅದನ್ನ ಮುರೀತವೆ; ಅದಕ್ಕೇ ಹೊಟ್ಟೆ ಬಾಣಲೆ ಥರ ಗುಂಡಗೆ, ಅದಕ್ಕೇ ಬಯಲು ಕಡಲಿಗೆ ಬಂದ್ರೆ ಕುಡುಕರ ಥರ ತೂರಾಡೋದು. ಪ್ರತಿ ಚಳಿಗಾಲ ಬಣ್ಣ ಕಿತ್ತು, ಉಕ್ಕಿನ ಪಕ್ಕೆಲುಬು ಸೀಳಿ, ಮೈಮೇಲೆ ಎಲ್ಲೋ ಒಂದು ಹೊಸ ಹುಣ್ಣು. "ತೇಪೆ ಹಾಕಿ ಹಾಕಿ ಇವಳ ಮೈಯೆಲ್ಲ ನನ್ನ ಬೆಸುಗೇನೇ ಆಗಿದೆ ಕಣೇ ಕಾಪಾ, ಇವಳೇ ನನ್ನ ಎರಡನೇ ಹೆಂಡ್ತಿ" ಅಂತಿದ್ದ ಯೆಫಿಮ್. "ಹಂಗಾದ್ರೆ ಸಾರೂ ಅವಳೇ ಬಡಿಸ್ಲಿ, ಹೋಗು" ಅಂತಿದ್ದೆ ನಾನು.

ಹಡಗಿನ ಎಡ ಪಕ್ಕೆಗೊಂದು, ಬಲ ಪಕ್ಕೆಗೊಂದು ದೊಡ್ಡ ತೊಟ್ಟಿ. ಮಂಜು ಹಿಡಿದು ನಿಲ್ಲಿಸಿದಾಗ ಪಂಪುಗಳು ಈ ತೊಟ್ಟಿಯ ನೀರನ್ನ ಆ ತೊಟ್ಟಿಗೆ ತಳ್ಳುತ್ವೆ, ಮತ್ತೆ ಇತ್ತ ತಳ್ಳುತ್ವೆ... ಹಡಗು ಅತ್ತಿತ್ತ ವಾಲಾಡಿ ಬಿಡಿಸ್ಕೊಳ್ಳುತ್ತೆ. ಬಿಂದಿಗೆ ನೀರಲ್ಲಪ್ಪಾ, ಒಂದು ಕೆರೆ ನೀರು!

ಒಂದು ಚಳಿಗಾಲ ಕಾರಾ ಕಡಲಲ್ಲಿ ಎಡ ತೊಟ್ಟಿ ಒಳಗಡೆ ಬಿರುಕು ಬಿಟ್ಟಿತ್ತು. ಅದನ್ನ ಖಾಲಿ ಮಾಡಿಸಿ ಯೆಫಿಮ್ ಒಳಗಿಳಿದ. ಅವನು ಕೆಲಸದಲ್ಲಿದ್ದಾಗಲೇ ಮಂಜು ಒತ್ತಿಕೊಂಡು ಬಂದು ಹಡಗನ್ನ ಹಿಡೀತು. ಹತ್ತಿರದಲ್ಲಿದ್ದ ಇನ್ನೊಂದು ಹಡಗಿನವರು, "ಬಂದು ಬಿಡಿಸಬೇಕಾ?" ಅಂತ ರೇಡಿಯೋದಲ್ಲಿ ಕೇಳಿದ್ರು. ನಮ್ಮ ಕ್ಯಾಪ್ಟನ್ ವಲೆರಿಯಾನ್ ಸ್ತೂಕೊವ್‌ಗೆ ಆ ಮಾತೇ ಬೆಂಕಿ. "ಅವನ ಹಗ್ಗ ಹಿಡ್ಕೊಂಡು ನಾನು ಮನೆಗೆ ಹೋಗ್ಲಾ?" ಅಂದ. ಯೆಫಿಮ್ ಮೇಲೆ ಬರೋ ತನಕ ಕಾಯೋಕೂ ಅವನಿಗೆ ಮನಸ್ಸಿಲ್ಲ. ತೊಟ್ಟಿಯ ಬಾಯಿ ಹತ್ತಿರ ಆಗಷ್ಟೇ ಪಾಳಿಗೆ ಬಂದಿದ್ದ ನಾವಿಕನಿಗೆ ಫೋನ್ ಮಾಡಿ, "ಯೆಫಿಮ್ ಮೇಲೆ ಬಂದಾಗಿದೆ, ನಾನೇ ಕಂಡೆ. ಮುಚ್ಚಳ ಬಿಗಿ" ಅಂದ.

ಕಂಡಿದ್ನಾ ಅವನು? ಎಲ್ಲಿ ಕಂಡಿದ್ದ?

ನನ್ನ ಅಡುಗೆಮನೆ ಗೋಡೆಯ ಆಚೆ ಬದಿಗೇ ಆ ತೊಟ್ಟಿ. ಪಂಪು ಗುಡುಗಿತು... ಆಮೇಲೆ ಗೋಡೆ ಬಡಿಯೋಕೆ ಶುರುವಾಯ್ತು. ಸುತ್ತಿಗೆಯಲ್ಲಿ, ಆಮೇಲೆ ಬರೀ ಕೈಯಲ್ಲಿ. ಗಂಡನ ಕೈಸದ್ದು ಹೆಂಡತಿಗೆ ಗೊತ್ತಾಗಲ್ವಾ? ಸೌಟು ಹಿಡಿದುಕೊಂಡೇ ಮೇಲೆ ಓಡಿದೆ. "ನಿಲ್ಸಿ! ಒಳಗಿದ್ದಾನೆ ಅವನು!" ಅಂತ ಕಿರುಚಿದೆ. ಸ್ತೂಕೊವ್ ತಿರುಗಿ ಕೂಡ ನೋಡಲಿಲ್ಲ.

"ಅದು ಮಂಜುಗಡ್ಡೆ ಬಡಿಯೋದು ಕಣಮ್ಮ. ಹೋಗು, ನಿನ್ನ ಸಾರು ನೋಡ್ಕೋ."

ಹಡಗು ವಾಲಿತು, ನೆಟ್ಟಗಾಯ್ತು, ಮತ್ತೆ ವಾಲಿತು... ಬಿಡಿಸ್ಕೊಂಡೂ ಬಿಡ್ತು. ಮೇಲೆ ನಿಂತವರೆಲ್ಲ ಚಪ್ಪಾಳೆ ತಟ್ಟಿದ್ರು. ಗೋಡೆ ಸುಮ್ಮನಾಗಿತ್ತು.

ವಿಚಾರಣೆ ಮಾಡಿದವರ ಮುಂದೆ ಸ್ತೂಕೊವ್, "ಯೆಫಿಮ್ ಕುಡಿದಿದ್ದ, ಯಾರಿಗೂ ಹೇಳದೆ ವಾಪಸ್ ಇಳಿದಿದ್ದ" ಅಂದ. ಎಲ್ಲರೂ ತಲೆ ಆಡಿಸಿದ್ರು. ಫೋನ್ ಎತ್ತಿದ ನಾವಿಕ ನೆಲ ನೋಡ್ತಾ ನಿಂತಿದ್ದ. ನಾನು ಕೆಲಸ ಬಿಡ್ತೀನಿ ಅಂದ್ಕೊಂಡಿದ್ರು ಎಲ್ಲ. ನಾನು ಬಿಡಲಿಲ್ಲ. ಅದೇ ಅಡುಗೆಮನೆ, ಅದೇ ಗೋಡೆ. ಕಾಯ್ತಾ ಇದ್ದೆ.

ಮುಂದಿನ ಚಳಿಗಾಲ, ಇದೇ ಬಂದರು. ನೀರು ಕನ್ನಡಿ ಥರ ನಿಂತಿತ್ತು. ಸ್ತೂಕೊವ್ ಊಟಕ್ಕೆ ಕೂತ, ಹಡಗು ಎಡಕ್ಕೆ ವಾಲಿತು. ಪಂಪು ನೋಡಿದ್ರೆ ನಿಂತೇ ಇದೆ. ಎದ್ದು ನಿಂತ, ಹಡಗು ನೆಟ್ಟಗಾಯ್ತು. ಕೂತ, ಮತ್ತೆ ವಾಲಿತು. ಪಂಪು ಬಿಚ್ಚಿದ್ರು, ಕೊಳವೆ ಬದಲಿಸಿದ್ರು, ಎರಡೂ ತೊಟ್ಟಿ ಬರಿದು ಮಾಡಿ ಒರೆಸಿಟ್ರು. ಹಡಗಿನ ನಕ್ಷೆ ಬರೆದವರೇ ಲೆನಿನ್‌ಗ್ರಾಡಿನಿಂದ ಬಂದು ಅಳೆದು, "ಹಡಗಲ್ಲೇನೂ ದೋಷ ಇಲ್ಲ" ಅಂದ್ರು. ಅನ್ನುವಾಗಲೇ ಅವರ ಚಹಾ ಲೋಟ ಮೇಜಿನಿಂದ ಜಾರಿ ಬಿತ್ತು. ಸ್ತೂಕೊವ್ ಕುಡಿಯೋ ನೀರಲ್ಲಿ ಮಾತ್ರ ತುಕ್ಕು, ಅವನ ಹಾಸಿಗೆ ಮಾತ್ರ ಒದ್ದೆ. ಒಂದು ದಿನ ಅಡುಗೆಮನೆ ಬಾಗಿಲಲ್ಲಿ ನಿಂತ, ಮುಖದಲ್ಲಿ ರಕ್ತವೇ ಇಲ್ಲ.

"ಕಾಪಿತೊಲೀನಾ ಯೆಗೋರೊವ್ನಾ... ಆ ಬಡಿತ ಕೇಳಿಸ್ತಿದೆಯಾ?"

ಅಲ್ಲೀವರೆಗೂ ಯಾವತ್ತೂ ಮರ್ಯಾದೆಯಾಗಿ ನನ್ನ ಪೂರ್ತಿ ಹೆಸರು ಹಿಡಿದು ಕರೆದವನಲ್ಲ! ನಾನು ಬಟ್ಟಲು ಮುಂದಿಟ್ಟೆ. "ಅದು ಮಂಜುಗಡ್ಡೆ, ಕ್ಯಾಪ್ಟನ್. ಸಾರು ಕುಡೀರಿ."

ಅವನು ಬಾಗಿಲಲ್ಲೇ ಕುಸಿದು ಕೂತ. "ನಿನ್ನ ಮಾತು ಕೇಳ್ತಾನೆ ಅವನು. ಬಿಟ್ಬಿಡು ಅಂತ ಹೇಳು. ಸುಳ್ಳು ಹೇಳಿದ್ದು ನಾನೇ, ಒಪ್ಕೋತೀನಿ."

"ನನ್ನ ಹತ್ರ ಯಾಕೆ ಒಪ್ಕೋತೀರಿ? ತೊಟ್ಟಿ ಖಾಲಿ ಇದೆ. ಇಳಿದು ಅವನಿಗೇ ಹೇಳಿ."

ಇಳಿದ ಕಣ್ರೋ. ದೀಪ ಹಿಡಿದು, ತಾನಾಗೇ ಇಳಿದ. "ಯೆಫಿಮ್..." ಅಂತ ಕರೆದಿದ್ದು ಮೇಲೆ ನಿಂತ ನಮಗೆಲ್ಲ ಕೇಳಿಸ್ತು. ಆಗ ಹಡಗು ವಾಲಿತು. ಇಬ್ಬರು ಸೇರಿ ಎತ್ತಬೇಕಾದ ಮುಚ್ಚಳ ಜಾರಿ ಹೋಗಿ ತಟ್ಟಂತ ಕೂತ್ಕೊಂತು. ಹಾರೆ ತಂದ್ರು, ಬೆಂಕಿ ಹಚ್ಚಿ ಕಾಯಿಸಿದ್ರು... ಕದಲಲಿಲ್ಲ. ಹಡಗು ತಾನಾಗಿ ನೆಟ್ಟಗಾದ ಮೇಲೇ ಅದು ಬಿಟ್ಟುಕೊಟ್ಟಿದ್ದು. ತೊಟ್ಟಿಯ ನೆಲ ಒಣಗಿ ಧೂಳೆದ್ದಿತ್ತು. ಸ್ತೂಕೊವ್ ಮುಳುಗಿ ಸತ್ತಿದ್ದ. ಮಗುಚಿದಾಗ ಬಾಯಿಂದ ತುಕ್ಕಿನ ನೀರು ಹರೀತಾನೇ ಇತ್ತು, ನಿಲ್ಲಲೇ ಇಲ್ಲ.

ಏನಂದೆ ರೊದಿಯೋನ್? ಅಲ್ಲಿಗೆ ಮುಗೀತಾ? ಸತ್ತ ಮಾತ್ರಕ್ಕೆ ಮುಗಿಯುತ್ತಾ ಮಗಾ?

ಆ ಹಡಗು ಈಗ ಕೆಲಸಕ್ಕಿಲ್ಲ, ಇದೇ ಬಂದರಿನ ಕೊನೇ ಕಟ್ಟೆಯಲ್ಲಿ ಕಟ್ಟಿ ಹಾಕಿದ್ದಾರೆ. ಕಾವಲುಗಾರ ನನ್ನ ಪರಿಚಯದವನು, ಭಾನುವಾರ ಹೋದ್ರೆ ಒಳಗೆ ಬಿಡ್ತಾನೆ. ನಾನು ನನ್ನ ಹಳೇ ಗೋಡೆಗೆ ಕಿವಿ ಹಚ್ಚಿ ನಿಲ್ತೀನಿ. ಬಡಿತ ಇದೆ, ಆದ್ರೆ ಅದು ಯೆಫಿಮ್‌ದಲ್ಲ. ಬಡಿಯೋನು ಅಳ್ತಾನೆ, ನನ್ನ ಪೂರ್ತಿ ಹೆಸರು ಹಿಡಿದು ಕರೀತಾನೆ, ಸಾಕು ಅನ್ನು ತಾಯಿ, ಒಂದೇ ಮಾತು ಅನ್ನು ಅಂತ ಬೇಡ್ತಾನೆ... ಎಲ್ಲಾನೂ ಕೇಳಿಸ್ಕೋತೀನಿ. ಅವಸರ ಏನಿದೆ ನನಗೆ? ಪೂರ್ತಿ ಕೇಳಿಸ್ಕೊಂಡು, ಆಮೇಲೆ ಕಬ್ಬಿಣಕ್ಕೆ ಬಾಯಿ ಹಚ್ಚಿ ಮೆಲ್ಲಗೆ ಹೇಳ್ತೀನಿ, "ಇನ್ನೊಂದ್ಸಲ, ಯೆಫಿಮ್."

ಹಡಗು ವಾಲುತ್ತೆ.